ಕುಪ್ಪಳಿಯ ತೊಟ್ಟಿಮನೆ: ಒಂದು ಮಲೆನಾಡ ಗೃಹದ ಚರಿತ್ರೆ ಮತ್ತು ವಾಸ್ತು

ಕನ್ನಡ ನಾಡಿನ ಚರಿತ್ರಕಾರರು ದೇವಾಲಯಗಳನ್ನು ಅಳೆದಿದ್ದಾರೆ, ಕೋಟೆಗಳ ಸುತ್ತಳತೆಯನ್ನು ಗುರುತಿಸಿದ್ದಾರೆ, ವೀರಗಲ್ಲು ಮಾಸ್ತಿಕಲ್ಲುಗಳ ಪಟ್ಟಿಯನ್ನು ಮಾಡಿದ್ದಾರೆ. ಆದರೆ ಆ ದೇವಾಲಯಗಳಿಗೆ ಕಾಣಿಕೆಯನ್ನಿತ್ತು, ಆ ಕೋಟೆಗಳಿಗೆ ಕಂದಾಯವನ್ನು ತೆತ್ತು ಬಾಳಿದ ಜನರ ಮನೆಗಳನ್ನು ಅಳೆದವರು ವಿರಳ. ತೀರ್ಥಹಳ್ಳಿ, ಸಾಗರ, ಸೊರಬ, ನಗರ ತಾಲ್ಲೂಕುಗಳ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವನ್ನು ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದರು. ದತ್ತಿ, ಉಂಬಳಿ, ಅಗ್ರಹಾರ, ಮಠ, ಬಸದಿಗಳ ವಿಷಯವಾಗಿ ಅದರಲ್ಲಿ ವಿಪುಲವಾದ ಸಾಮಗ್ರಿಯಿದೆ. ಅದನ್ನು ಆದ್ಯಂತವಾಗಿ ಓದಿದರೂ ಮಲೆನಾಡಿನ ಒಬ್ಬ ಒಕ್ಕಲಿಗನು ಎಂತಹ ಮನೆಯಲ್ಲಿ ಮಲಗಿದನು, ಅವನ ಮನೆಯವರು ಎಲ್ಲಿ ಅಡಿಗೆ ಮಾಡಿದರು, ಅವನ ಆಳುಗಳು ಎಲ್ಲಿ ನಿಂತು ಕೂಲಿಯನ್ನು ಪಡೆದರು ಎಂಬುದು ತಿಳಿಯುವುದಿಲ್ಲ. ಶಾಸನವು ದಾನದ ದಾಖಲೆ; ವಾಸದ ದಾಖಲೆಯಲ್ಲ.

ಅದೇ ೧೯೦೪ನೆಯ ವರ್ಷದ ಡಿಸೆಂಬರ್ ೨೯ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯ ತವರಿನಲ್ಲಿ ಒಂದು ಮಗು ಹುಟ್ಟಿತು. ಆ ಮಗು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು, ಎಂದರೆ ಕುವೆಂಪು ಅವರು, ತಮ್ಮ ಕಾವ್ಯನಾಮದ ಮೊದಲ ಅಕ್ಷರದಲ್ಲಿಯೇ ಆ ಮನೆಯ ಹೆಸರನ್ನು ಧರಿಸಿದರು. ಮಲೆನಾಡಿನಲ್ಲಿ ಊರ ಹೆಸರೂ ಮನೆಯ ಹೆಸರೂ ಬೇರೆಬೇರೆಯಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬಯಲುಸೀಮೆಯಂತೆ ನೂರಾರು ಮನೆಗಳು ಒತ್ತೊತ್ತಾಗಿ ಕೂಡಿ ಊರಾಗುವ ಕ್ರಮ ಅಲ್ಲಿಯದಲ್ಲ. ಕಣಿವೆಯ ಗದ್ದೆಯ ಮೇಲ್ದಂಡೆಯಲ್ಲಿ, ಕಾಡಿನ ಸೆರಗಿನಲ್ಲಿ ಒಂದೆರಡು ಮನೆಗಳಿದ್ದರೆ ಅದೇ ಊರು. ಆದುದರಿಂದ ಅಲ್ಲಿ ಮನೆಯ ಚರಿತ್ರೆಯನ್ನು ಬಿಟ್ಟು ಊರಿನ ಚರಿತ್ರೆಯನ್ನು ಬರೆಯಲು ಬರುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಕುಪ್ಪಳಿಯ ಮನೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಲೆನಾಡಿನ ತೊಟ್ಟಿಮನೆಯನ್ನು ಚರಿತ್ರೆಯ ಆಧಾರವಾಗಿ ಓದುವ ಬಗೆಯನ್ನು ವಿವೇಚಿಸಲು ಯತ್ನಿಸುತ್ತೇವೆ.

೧. ಮಳೆ ಮತ್ತು ಮರ

ಕುಪ್ಪಳಿಯ ಮನೆಯು ಗುಡ್ಡದ ಬುಡದಲ್ಲಿ, ಹಿಂದೆ ಕಾಡನ್ನೂ ಮುಂದೆ ತೆರೆದ ಬಯಲನ್ನೂ ಇಟ್ಟುಕೊಂಡು ನಿಂತಿರುವ ಮೂರಂತಸ್ತಿನ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಚೌಕವಾದ ತೊಟ್ಟಿ, ಅದರ ಸುತ್ತ ಮರದ ಕಂಬಗಳ ಸಾಲು, ಜಗಲಿಗಳು, ಅವುಗಳ ಹಿಂದೆ ಕೋಣೆಗಳು, ಮೇಲೆ ಉಪ್ಪರಿಗೆ, ಎಲ್ಲಕ್ಕೂ ಮೇಲೆ ಇಳಿಜಾರಾದ ಹಂಚಿನ ಮಾಡು. ಈ ರೂಪವನ್ನು ಯಾವನೋ ಒಬ್ಬ ಶಿಲ್ಪಿಯು ಕಲ್ಪಿಸಿದನೆಂದು ಹೇಳುವುದಕ್ಕಿಂತ ಅಲ್ಲಿನ ಮಳೆಯು ಕಲ್ಪಿಸಿತೆಂದು ಹೇಳುವುದೇ ಯುಕ್ತ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್ ತಿಂಗಳಿನಿಂದ ತಿಂಗಳುಗಟ್ಟಲೆ ಅಂಗಳಕ್ಕೆ ಇಳಿಯುವುದೇ ಕಷ್ಟವಾಗುವ ದೇಶದಲ್ಲಿ ಮನೆಯೊಳಗೇ ಒಂದು ಅಂಗಳವಿರಬೇಕಾಗುತ್ತದೆ. ತೊಟ್ಟಿಯು ಬೆಳಕನ್ನು ಒಳಕ್ಕೆ ತರುತ್ತದೆ, ಒಲೆಯ ಹೊಗೆಯನ್ನು ಹೊರಕ್ಕೆ ಕಳುಹಿಸುತ್ತದೆ. ನಾಲ್ಕು ಮಾಡುಗಳಿಂದ ಒಳಮುಖವಾಗಿ ಸುರಿಯುವ ನೀರನ್ನು ತನ್ನ ಮಡಿಲಲ್ಲಿ ಹಿಡಿದು ಕಲ್ಲಿನ ದೋಣಿಯ ಮೂಲಕ ಹೊರಕ್ಕೆ ಸಾಗಿಸುತ್ತದೆ. ಆ ನೀರುದಾರಿಯ ಇಳಿಜಾರು ತಪ್ಪಿದರೆ ಜಗಲಿಯ ಕಂಬಗಳ ಬುಡವು ಕೆಲವೇ ಮಳೆಗಾಲಗಳಲ್ಲಿ ಕೊಳೆಯುವುದು. ಆದ್ದರಿಂದ ಹಳೆಯ ಮನೆಗಳಲ್ಲಿ ಕಂಬವು ನೆಲದೊಳಗೆ ಹುಗಿದಿರುವುದಿಲ್ಲ. ಕಲ್ಲಿನ ಪೀಠದ ಮೇಲೆ ನಿಂತಿರುತ್ತದೆ.

ಮನೆಯ ದೇಹವು ಎರಡು ಬಗೆಯ ವಸ್ತುಗಳಿಂದಾದುದು. ಗೋಡೆಗಳು ಮಣ್ಣಿನವು ಅಥವಾ ಜಂಬಿಟ್ಟಿಗೆಯವು, ಉಳಿದುದೆಲ್ಲ ಮರ. ಕಂಬದ ತಲೆಯಲ್ಲಿ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ: ಈ ಕ್ರಮದಲ್ಲಿ ಭಾರವು ಕೆಳಕ್ಕೆ ಇಳಿಯುತ್ತದೆ. ಎರಡು ಕಂಬಗಳ ನಡುವಣ ಅವಕಾಶವೇ ಅಂಕಣ. ಮಲೆನಾಡಿನವರು ಮನೆಯ ಹಿರಿತನವನ್ನು ಗಜದಿಂದ ಹೇಳದೆ ಅಂಕಣದಿಂದ ಹೇಳುತ್ತಿದ್ದುದು ಅರ್ಥವತ್ತಾಗಿದೆ. ಅಂಕಣದ ಅಗಲವನ್ನು ನಿರ್ಣಯಿಸುವುದು ತೊಲೆಯ ಉದ್ದ. ತೊಲೆಯ ಉದ್ದವನ್ನು ನಿರ್ಣಯಿಸುವುದು ಹತ್ತಿರದ ಕಾಡಿನಲ್ಲಿ ದೊರೆತ ಮರ. ಹಲಸು, ಹೊನ್ನೆ, ಮತ್ತಿ, ಬೀಟೆ, ತೇಗಗಳಲ್ಲಿ ಯಾವುದು ಕಂಬಕ್ಕೆ, ಯಾವುದು ಬಾಗಿಲಿಗೆ, ಯಾವುದು ಮಾಡಿಗೆ ಎಂಬುದನ್ನು ಆಚಾರಿಯು ಬಲ್ಲನು. ಮೈಸೂರಿನಲ್ಲಿ ಅರಣ್ಯ ಇಲಾಖೆಯು ೧೮೬೪ರಲ್ಲಿ ಸ್ಥಾಪಿತವಾಯಿತು. ಅನಂತರ ಬೆಲೆಯುಳ್ಳ ಮರಗಳು ಕ್ರಮಕ್ರಮವಾಗಿ ಸರ್ಕಾರದ ಹತೋಟಿಗೆ ಬಂದವು. ಹೀಗಿರುವಲ್ಲಿ, ಒಂದು ಮನೆಯ ಹಳೆಯ ಭಾಗದಲ್ಲಿ ಭಾರಿ ಗಾತ್ರದ ಮರವೂ ಹೊಸ ಭಾಗದಲ್ಲಿ ಸಣಕಲು ಮರವೂ ಕಂಡುಬಂದರೆ, ಆ ವ್ಯತ್ಯಾಸವನ್ನು ಮನೆತನದ ಏಳುಬೀಳಿಗೆ ಮಾತ್ರ ಆರೋಪಿಸಬಾರದು. ಕಾಡಿನ ಕಾನೂನಿನ ಚರಿತ್ರೆಯನ್ನೂ ಅದರಲ್ಲಿ ಓದಬೇಕು.

೨. ಕಾಲನಿರ್ಣಯದ ಪ್ರಶ್ನೆ

ಹಳ್ಳಿಯ ಮನೆಗೆ ಶಂಕುಸ್ಥಾಪನೆಯ ಶಿಲಾಫಲಕವಿರುವುದಿಲ್ಲ. ಮನೆಯವರನ್ನು ಕೇಳಿದರೆ 'ಮುತ್ತಜ್ಜನ ಕಾಲದ್ದು' ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ತಿರಸ್ಕರಿಸಲಾಗದು, ಹಾಗೆಯೇ ಸ್ವೀಕರಿಸಲೂ ಆಗದು. ಮನೆಯನ್ನೇ ಸಾಕ್ಷಿಯಾಗಿ ವಿಚಾರಿಸಬೇಕು.

ಮೊದಲನೆಯ ಸಾಕ್ಷಿ ಹಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಒಂದಕ್ಕೊಂದು ಕೊಂಡಿಯಾಗಿ ಕೂಡುವ, ಕಾರ್ಖಾನೆಯ ಹೆಸರನ್ನು ಅಚ್ಚೊತ್ತಿದ ಈ ಹಂಚು ಘಟ್ಟದ ಮೇಲಕ್ಕೂ ಹಬ್ಬಿತು. ಆದುದರಿಂದ ಮಂಗಳೂರು ಹಂಚಿನ ಮಾಡನ್ನು ಕಂಡಾಗ ಆ ಮಾಡು ೧೮೬೫ಕ್ಕಿಂತ ಹಿಂದಿನದಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಆದರೆ ಮನೆಯೂ ಅದಕ್ಕಿಂತ ಹಿಂದಿನದಲ್ಲವೆಂದು ಹೇಳಲಾಗದು. ಹಂಚು ಬರುವುದಕ್ಕೆ ಮುನ್ನ ಮಲೆನಾಡಿನ ಮಾಡಿಗೆ ಹುಲ್ಲು, ಅಡಕೆಯ ಸೋಗೆ, ಕೆಲವೆಡೆ ಕುಂಬಾರನ ನಾಡಹಂಚು ಹೊದಿಕೆಯಾಗಿದ್ದವು. ಹುಲ್ಲಿನ ಮಾಡಿಗೆ ಕಡಿದಾದ ಇಳಿಜಾರು ಬೇಕು. ಅದರ ಕೆಳಗೆ ಬಿದಿರು ಅಥವಾ ಅಡಕೆಯ ದಬ್ಬೆ ಸಾಕು. ಕಾರ್ಖಾನೆಯ ಹಂಚಿಗಾದರೋ ಗರಗಸದಿಂದ ಸೀಳಿದ, ಸಮಾನಾಂತರವಾಗಿ ಹೊಡೆದ ರೀಪುಗಳು ಬೇಕು. ಗೋಡೆಯ ಮೇಲಣ ಅಡ್ಡತೊಲೆಯಲ್ಲಿ ಈಗಿನ ಪಕಾಸಿಗಳಿಗೆ ಹೊಂದದ ಹಳೆಯ ಕಿಂಡಿಗಳಿದ್ದರೆ, ಈಗಿನ ಮಾಡಿಗೆ ಮುನ್ನ ಬೇರೊಂದು ಮಾಡು ಇದ್ದಿತೆಂದು ಊಹಿಸಲು ಅವಕಾಶವುಂಟು.

ಎರಡನೆಯ ಸಾಕ್ಷಿ ಮರದ ಮೈ. ಬಾಚಿಯಿಂದ ಕೆತ್ತಿದ ಹಲಗೆಯಲ್ಲಿ ಅಲೆಯಲೆಯಾದ ಗುರುತು ಉಳಿಯುತ್ತದೆ. ಗರಗಸದ ಗುರುತು ಬೇರೆ, ಯಂತ್ರದ ಗರಗಸದ್ದು ಮತ್ತೂ ಬೇರೆ. ಮರದ ಬೆಣೆಯಿಂದ ಕೂಡಿಸಿದ ಸಂದಿಗೂ ಕಬ್ಬಿಣದ ಮೊಳೆಯಿಂದ ಕೂಡಿಸಿದ ಸಂದಿಗೂ ಕಾಲದ ಅಂತರವಿರುವುದು ಸಾಮಾನ್ಯ. ಮೂರನೆಯ ಸಾಕ್ಷಿ ಕಾಗದಪತ್ರ. ಹಳೆಯ ಮನೆತನಗಳಲ್ಲಿ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಸಿ ಮಾಡಿದ ಕಡತಗಳು ದೊರೆಯುವುದುಂಟು. ಈಚಿನ ಕಾಲದ ಪಾಲುಪಟ್ಟಿಗಳು ಇನ್ನೂ ಹೆಚ್ಚಾಗಿ ದೊರೆಯುತ್ತವೆ. ಪಾಲುಪಟ್ಟಿಯನ್ನು ಆಸ್ತಿಯ ವ್ಯಾಜ್ಯಕ್ಕಾಗಿ ಮಾತ್ರ ಓದುವುದು ರೂಢಿ. ಆದರೆ ಯಾವ ಅಂಕಣ ಯಾರಿಗೆ, ಬಾವಿಯ ದಾರಿ ಯಾರಿಗೆ, ಅಂಗಳದ ಯಾವ ಪಾಲಿನಲ್ಲಿ ಯಾರು ಅಡಕೆಯನ್ನು ಹರಡಬೇಕು ಎಂಬುದನ್ನು ಬರೆದಿಡುವ ಪಾಲುಪಟ್ಟಿಗಿಂತ ಹೆಚ್ಚು ನಿಷ್ಕೃಷ್ಟವಾದ ಮನೆಯ ವರ್ಣನೆ ಬೇರೆಲ್ಲಿಯೂ ದೊರೆಯದು.

೩. ಮನೆಯ ಹಿಂದಣ ಅರ್ಥವ್ಯವಸ್ಥೆ

ಇಷ್ಟು ದೊಡ್ಡ ಮನೆಯನ್ನು ಒಂಟಿ ಕಣಿವೆಯಲ್ಲಿ ಏಕೆ ಕಟ್ಟಿದರು? ಒಟ್ಟುಕುಟುಂಬವಿದ್ದುದರಿಂದ ಎಂಬ ಉತ್ತರ ಸರಿ, ಆದರೆ ಸಾಲದು. ಮಲೆನಾಡಿನ ಸಿರಿಯು ಭತ್ತಕ್ಕಿಂತ ಅಡಕೆಯನ್ನು ಹೆಚ್ಚಾಗಿ ಆಶ್ರಯಿಸಿತ್ತು. ಕೆಳದಿಯ ಶಿವಪ್ಪನಾಯಕನು (೧೬೪೫–೧೬೬೦) ಏರ್ಪಡಿಸಿದ, ಶಿಸ್ತು ಎಂದು ಹೆಸರಾದ ಕಂದಾಯದ ಕ್ರಮವು ಗದ್ದೆ ತೋಟಗಳೆರಡನ್ನೂ ಲೆಕ್ಕಕ್ಕೆ ತಂದಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಅರಸುಮನೆ ಅಳಿಯಿತು, ತೋಟ ಅಳಿಯಲಿಲ್ಲ. ೧೮೦೦–೦೧ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸದ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಅಡಕೆಯ ತೋಟಗಳ ಬೇಸಾಯವನ್ನು ವಿವರವಾಗಿ ದಾಖಲಿಸಿದ್ದಾನೆ.

ಅಡಕೆಯ ಕೊಯ್ಲು ಮುಗಿದ ಮೇಲೆ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಕೊನೆಗಳನ್ನು ಮನೆಗೆ ತಂದು ರಾತ್ರಿಯೆಲ್ಲ ಕುಳಿತು ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಚೊಗರಿನಲ್ಲಿ ಅದ್ದಬೇಕು, ಅಂಗಳದಲ್ಲಿ ಹರಡಿ ಒಣಗಿಸಬೇಕು, ಮಳೆಯ ತೇವ ತಾಗದಂತೆ ಅಟ್ಟದ ಮೇಲೆ ಕಾಪಾಡಬೇಕು. ಜಗಲಿಯ ಅಗಲ, ಅಂಗಳದ ಹರವು, ಉಪ್ಪರಿಗೆಯ ಎತ್ತರ ಇವೆಲ್ಲವೂ ಈ ಕೆಲಸಗಳಿಗೆ ತಕ್ಕಂತೆ ರೂಪುಗೊಂಡವು. ತೊಟ್ಟಿಮನೆಯು ವಾಸದ ಮನೆಯೂ ಹೌದು, ಕಣಜವೂ ಹೌದು, ಒಂದು ಬಗೆಯ ಕಾರ್ಖಾನೆಯೂ ಹೌದು. ಅದು ಶಾಲೆಯೂ ಆಗಿತ್ತು: ಬಾಲಕ ಪುಟ್ಟಪ್ಪನವರಿಗೆ ಮೊದಲ ಅಕ್ಷರಾಭ್ಯಾಸವಾದುದು ದಕ್ಷಿಣ ಕನ್ನಡದಿಂದ ಕರೆಸಿದ ಉಪಾಧ್ಯಾಯರಿಂದ, ಮನೆಯಲ್ಲಿಯೇ. ಶಾಲೆಗೆಂದು ತೀರ್ಥಹಳ್ಳಿಗೆ ಹೋದದ್ದು ಆಮೇಲೆ. ಹಂಚು, ಉಪ್ಪು, ಕೆಲಸದಾಳುಗಳು, ಗುರುಗಳು ಇವರೆಲ್ಲರೂ ಘಟ್ಟದ ಕೆಳಗಿನಿಂದ ಬಂದುದನ್ನು ಗಮನಿಸಿದರೆ, ಕಾಡಿನ ನಡುವಣ ಒಂಟಿ ಮನೆಯು ನಾವು ಭಾವಿಸುವಷ್ಟು ಒಂಟಿಯಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

೪. ಒಳಗಿನವರು, ಹೊರಗಿನವರು

ಮನೆಯ ನಕ್ಷೆಯು ಸಮಾಜದ ನಕ್ಷೆಯೂ ಆಗಿದೆ. ಹೊರಗಿನಿಂದ ಒಳಕ್ಕೆ ಹೋದಂತೆ ಅಂಗಳ, ಹೆಬ್ಬಾಗಿಲು, ಜಗಲಿ, ನಡುಮನೆ, ಅಡಿಗೆಮನೆ, ದೇವರ ಕೋಣೆ ಎಂಬ ಒಂದೊಂದು ಹೊಸ್ತಿಲಿನಲ್ಲಿಯೂ ಕೆಲವರು ನಿಲ್ಲುತ್ತಿದ್ದರು, ಕೆಲವರು ದಾಟುತ್ತಿದ್ದರು. ಜಗಲಿಯ ಅಂಚಿಗೆ ಕೂಡಿಸಿದ ದಪ್ಪ ಹಲಗೆಯನ್ನು ಮಲೆನಾಡಿನವರು ಕೆಸರ್ಹಲಗೆ ಎನ್ನುತ್ತಾರೆ. ಅದರ ಮೇಲೆ ಯಾರು ಕುಳಿತುಕೊಳ್ಳಬಹುದು, ಯಾರು ಅದರ ಕೆಳಗೆ ನಿಂತು ಮಾತನಾಡಬೇಕು ಎಂಬುದನ್ನು ಯಾರೂ ಬರೆದಿಡಲಿಲ್ಲ, ಎಲ್ಲರೂ ಬಲ್ಲವರಾಗಿದ್ದರು. ಹೆಂಗಸರ ದಾರಿಯು ಹಿತ್ತಿಲ ಬಾಗಿಲು, ಬಾವಿ, ಬಚ್ಚಲು, ಅಡಿಗೆಮನೆಗಳ ನಡುವೆ ಇತ್ತು. ಜಗಲಿಯ ಮಾತುಕತೆ ಅವರಿಗೆ ಕೇಳುತ್ತಿತ್ತು. ಆ ಮಾತುಕತೆಗೆ ಅವರು ಸೇರುತ್ತಿರಲಿಲ್ಲ.

ಈ ಅಲಿಖಿತ ನಿಯಮಗಳನ್ನು ತಿಳಿಯಲು ಕಟ್ಟಡವೂ ಸಾಲದು, ಪತ್ರವೂ ಸಾಲದು. ಇಲ್ಲಿ ಸಾಹಿತ್ಯವು ನೆರವಿಗೆ ಬರುತ್ತದೆ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' (೧೯೬೭), ಹಾಗೂ ಆತ್ಮಕಥೆಯಾದ 'ನೆನಪಿನ ದೋಣಿಯಲ್ಲಿ' ಇವು ಈ ಬಗೆಯ ಮನೆಗಳ ಒಳಬಾಳನ್ನು ಚಿತ್ರಿಸುತ್ತವೆ. 'ಕಾನೂರು ಹೆಗ್ಗಡಿತಿ'ಯಲ್ಲಿ ಮನೆ ಪಾಲಾಗಿ ಹೂವಯ್ಯನು ತಾಯಿಯೊಡನೆ ಬೇರೆ ಮನೆಗೆ ಹೋಗುವ ಪ್ರಸಂಗವು ಕಥೆಯ ಒಂದು ತಿರುವು ಮಾತ್ರವಲ್ಲ. ಮಲೆನಾಡಿನ ಎಷ್ಟೋ ಮನೆತನಗಳ ಅನುಭವ. ಆದರೂ ಕಾದಂಬರಿಯನ್ನು ಆಧಾರವಾಗಿ ಬಳಸುವಾಗ ಎಚ್ಚರವಿರತಕ್ಕದ್ದು. ಕಾನೂರಿನ ಮನೆಯು ಕುಪ್ಪಳಿಯ ಮನೆಯಲ್ಲ. ಕವಿಯು ತಾನು ಕಂಡ ಹಲವು ಮನೆಗಳಿಂದ ಒಂದು ಮನೆಯನ್ನು ಕಟ್ಟುತ್ತಾನೆ. ಕಂಬಗಳ ಎಣಿಕೆಗೆ ಕಾದಂಬರಿಯನ್ನು ನಂಬಬಾರದು. ಕಂಬಕ್ಕೆ ಒರಗುವ ಹಕ್ಕು ಯಾರಿಗಿತ್ತು ಎಂಬುದಕ್ಕೆ ಕಾದಂಬರಿಗಿಂತ ಒಳ್ಳೆಯ ಸಾಕ್ಷಿ ಅಪೂರ್ವ.

ಅದೇ ಸಾಹಿತ್ಯವು ನಮ್ಮನ್ನು ಇನ್ನೊಂದು ಸತ್ಯದೆದುರು ನಿಲ್ಲಿಸುತ್ತದೆ. 'ಮಲೆಗಳಲ್ಲಿ ಮದುಮಗಳು' ಕೃತಿಯ ಗುತ್ತಿಯು ಸಿಂಬಾವಿಯ ಹೆಗ್ಗಡೆಯ ಜೀತದಾಳು. ಅಂತಹವರ ದುಡಿಮೆಯಿಂದ ತೊಟ್ಟಿಮನೆಗಳ ಕಂಬಗಳು ಎದ್ದವು, ತೋಟಗಳು ಬೆಳೆದವು. ಅವರ ಬಿಡಾರಗಳಾದರೋ ಹುಲ್ಲು, ತಟ್ಟಿ, ಮಣ್ಣುಗಳವು. ಹಲವು ಮಳೆಗಾಲಗಳನ್ನು ಕಾಣದೆ ಕುಸಿದುಹೋದವು. ಇಂದು ನಾವು ಮಲೆನಾಡಿನ ಮನೆಯೆಂದು ಹೆಮ್ಮೆಯಿಂದ ತೋರಿಸುವುದು ಉಳಿದ ಮನೆಯನ್ನು. ಅದು ಉಳಿದುದಕ್ಕೆ ಕಾರಣ ಅದರ ಯಜಮಾನನಿಗೆ ಕಾಡಿನ ದೊಡ್ಡ ಮರವೂ ಆಳುಗಳ ತೋಳೂ ಲಭ್ಯವಾಗಿದ್ದುದು. ಸಾಗರ, ಸೊರಬಗಳ ಕಡೆ ದೀವರ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣುಗಳಿಂದ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವು ಸಣ್ಣ ಮನೆಗಳಲ್ಲಿಯೂ ಎಂತಹ ಕಲೆಯಿತ್ತೆಂಬುದನ್ನು ತೋರಿಸುತ್ತದೆ. ಗೋಡೆ ಬಿದ್ದೊಡನೆ ಆ ಚಿತ್ರವೂ ಬಿದ್ದುಹೋಗುತ್ತದೆ. ದೊಡ್ಡ ಮನೆಯನ್ನು ದಾಖಲಿಸುವವನು ಅದರ ಸುತ್ತಣ ಬರಿದಾದ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸದಿದ್ದರೆ ಅವನ ನಕ್ಷೆಯು ಅಪೂರ್ಣವೇ ಸರಿ.

೫. ಅಳಿವು ಮತ್ತು ಉಳಿವು

ತೊಟ್ಟಿಮನೆಗಳ ಅಳಿವಿಗೆ ಕಾರಣಗಳು ಹಲವು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಪೂರ್ಣಗೊಂಡಾಗ ಸಾಗರ, ಹೊಸನಗರಗಳ ಕಡೆಯ ಅನೇಕ ಹಳ್ಳಿಗಳು ಮನೆಗಳೊಡನೆ ನೀರಿನಲ್ಲಿ ಮುಳುಗಿದವು. ಅಳತೆಯನ್ನೂ ಕೊಡದೆ ಹೋದವು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ನ್ಯಾಯದ ದೃಷ್ಟಿಯಿಂದ ಇದು ಎಂದೋ ಆಗಬೇಕಾಗಿದ್ದ ಕೆಲಸ. ಗೇಣಿಯ ಭತ್ತದಿಂದ ಕಣಜವನ್ನು ತುಂಬುತ್ತಿದ್ದ ದೊಡ್ಡ ಮನೆಗಳಿಗೆ ಅನಂತರ ತಮ್ಮ ಮಾಡನ್ನು ಕಾಪಾಡುವುದೇ ಭಾರವಾಯಿತು. ಮಕ್ಕಳು ವಿದ್ಯೆಗಾಗಿ ಪಟ್ಟಣಗಳಿಗೆ ಹೋದರು. ಮನೆ ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಎದ್ದಿತು. ಹಾಗೆ ಸೀಳಿದ ತೊಟ್ಟಿಯಲ್ಲಿ ನೀರಿನ ದಾರಿ ತಪ್ಪುತ್ತದೆ, ಮರ ಕೊಳೆಯುತ್ತದೆ. ಕೊನೆಗೆ ಕಂಬ, ಬಾಗಿಲುಗಳು ಮರದ ಬೆಲೆಗೆ ಮಾರಾಟವಾಗಿ ದೂರದ ನಗರಗಳ ಕಟ್ಟಡಗಳಲ್ಲಿ ಅಲಂಕಾರವಾಗುತ್ತವೆ. ಕಂಬವು ಉಳಿಯುತ್ತದೆ, ಅದು ಯಾವ ಊರಿನ, ಯಾವ ಅಂಕಣದ ಕಂಬವೆಂಬುದು ಅಳಿಯುತ್ತದೆ.

ಉಳಿಸಿಕೊಂಡ ಬಗೆಗಳೂ ಉಂಟು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು (ನಿಧನ ೨೦೧೭) ಬೇರೆಬೇರೆ ಊರುಗಳಲ್ಲಿ ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕೂಡಿಸಿ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಕಟ್ಟಿದರು. ಕೆಡಹುವವನ ಕೈಯಿಂದ ಮನೆಯನ್ನು ಬಿಡಿಸಿಕೊಳ್ಳಲು ಬೇರೆ ದಾರಿಯಿಲ್ಲದಿದ್ದಾಗ ಇದು ಸ್ತುತ್ಯವಾದ ಉಪಾಯ. ಆದರೆ ನೆಲದಿಂದ ಬಿಡಿಸಿದ ಮನೆಯು ತನ್ನ ಗದ್ದೆ, ಬಾವಿ, ಗುಡ್ಡಗಳ ಸಂಬಂಧವನ್ನು ಕಳೆದುಕೊಳ್ಳುತ್ತದೆ. ಕುಪ್ಪಳಿಯ ಮನೆಯ ಭಾಗ್ಯವೆಂದರೆ ಅದು ತನ್ನ ನೆಲದಲ್ಲಿಯೇ ಉಳಿದದ್ದು. ೧೯೯೨ರಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಸ್ಥಾಪಿತವಾಯಿತು. ಅದರ ಆಶ್ರಯದಲ್ಲಿ ಮನೆಯು ಜೀರ್ಣೋದ್ಧಾರಗೊಂಡು ಕವಿಮನೆಯೆಂಬ ವಸ್ತುಸಂಗ್ರಹಾಲಯವಾಯಿತು. ೧೯೯೪ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಅಂತ್ಯಕ್ರಿಯೆ ನಡೆದ ಕವಿಶೈಲವು ಮನೆಯ ಹಿಂದಣ ಗುಡ್ಡದ ಮೇಲಿದೆ. ಮನೆಯೊಳಗೆ ಕವಿಯ ಪುಸ್ತಕ, ಪತ್ರಗಳೊಡನೆ ಮಲೆನಾಡಿನ ಗೃಹಕೃತ್ಯದ ಮತ್ತು ಬೇಸಾಯದ ಉಪಕರಣಗಳನ್ನೂ ಜೋಡಿಸಿಟ್ಟಿದ್ದಾರೆ. ಅಲ್ಲಿಗೆ ಹೋದವರು ಕವಿಯನ್ನು ಮಾತ್ರವಲ್ಲದೆ ಒಂದು ಜೀವನಕ್ರಮವನ್ನೂ ನೋಡಿ ಬರಬಹುದಾಗಿದೆ.

ಆದರೆ ಜೀರ್ಣೋದ್ಧಾರಗೊಂಡ ಯಾವ ಮನೆಯನ್ನೇ ಆಗಲಿ ಚರಿತ್ರೆಯ ವಿದ್ಯಾರ್ಥಿಯು ಎರಡು ಬಾರಿ ನೋಡತಕ್ಕದ್ದು. ಒಲೆಯಾರಿದ ಮನೆಯಲ್ಲಿ ಹೊಗೆಯಿಲ್ಲ. ವರ್ಷಗಟ್ಟಲೆ ಹೊಗೆಯುಂಡ ಅಟ್ಟದ ಮರಕ್ಕೆ ಹುಳು ಹತ್ತುವುದು ಕಡಮೆ; ಒಲೆಯಾರಿದ ಮೇಲೆ ಅದೇ ಮರಕ್ಕೆ ಬೇರೆ ರಕ್ಷಣೆ ಬೇಕಾಗುತ್ತದೆ. ಸಗಣಿ ಸಾರಿಸುವ ಕೈ ಇಲ್ಲದ ನೆಲಕ್ಕೆ ಬೇರೆ ನೆಲಗಟ್ಟು ಬೇಕಾಗುತ್ತದೆ. ಕೆಟ್ಟ ತೊಲೆಯ ಎಡೆಯಲ್ಲಿ ಹೊಸ ತೊಲೆಯನ್ನು ಇಡಲೇಬೇಕಾಗುತ್ತದೆ. ಇದು ತಪ್ಪಲ್ಲ; ಅನಿವಾರ್ಯ. ಯಾವುದು ಹಳೆಯದು, ಯಾವುದು ಹೊಸದು, ಯಾವ ವರ್ಷ ಯಾವ ಕಾರಣದಿಂದ ಬದಲಾಯಿತು ಎಂಬುದನ್ನು ಬರೆದಿಡದಿರುವುದೇ ತಪ್ಪು. ಬರೆದಿಡದಿದ್ದರೆ ಐವತ್ತು ವರ್ಷಗಳ ಅನಂತರದ ಸಂಶೋಧಕನು ನಮ್ಮ ಕಾಲದ ಆಚಾರಿಯ ಕೆಲಸವನ್ನು ಮುತ್ತಜ್ಜನ ಕಾಲದ ಕೆಲಸವೆಂದು ತಿಳಿದು ಸಿದ್ಧಾಂತಗಳನ್ನು ಕಟ್ಟುವನು.

೬. ಉಪಸಂಹಾರ

ಕುಪ್ಪಳಿಯ ಮನೆಗೆ ಒಬ್ಬ ಕವಿ ದೊರೆತನು. ಆದುದರಿಂದ ಅದರ ಜಗಲಿ, ಉಪ್ಪರಿಗೆಗಳ ಬಾಳು ಬರಹಕ್ಕೆ ಇಳಿಯಿತು, ಅದರ ಕಂಬಗಳನ್ನು ನಾಡು ಕಾಪಾಡಿತು. ಮಲೆನಾಡಿನ ಉಳಿದ ತೊಟ್ಟಿಮನೆಗಳಿಗೆ ಕವಿ ದೊರೆಯಲಿಲ್ಲ. ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರದ ಕಾಯಿದೆಯು ನೂರು ವರ್ಷ ಕಳೆದ ಕಟ್ಟಡಗಳನ್ನು ಸ್ಮಾರಕವೆಂದು ಪರಿಗಣಿಸಲು ಅವಕಾಶವೀಯುತ್ತದೆ; ಆದರೆ ಜನ ವಾಸಿಸುವ ಹಳ್ಳಿಯ ಮನೆಗೆ ಆ ರಕ್ಷೆ ದೊರೆಯುವುದು ಅಪರೂಪ. ಮನೆಯವರಿಗೆ ಅದು ಸ್ಮಾರಕವಲ್ಲ. ಸೋರುವ ಮಾಡು, ತೀರದ ಪಾಲು, ಕಟ್ಟಬೇಕಾದ ಕಂದಾಯ. ಅದನ್ನು ಹಾಗೆಯೇ ಉಳಿಸಿಕೊಳ್ಳಿರೆಂದು ನಗರದಿಂದ ಉಪದೇಶಿಸುವ ಅಧಿಕಾರ ನಮಗಿಲ್ಲ. ಅದು ಬೀಳುವುದಕ್ಕೆ ಮುನ್ನ ಬರೆದಿಟ್ಟುಕೊಳ್ಳುವ ಕರ್ತವ್ಯ ಮಾತ್ರ ನಮಗಿದೆ.

ಈ ಕೆಲಸಕ್ಕೆ ದೊಡ್ಡ ಧನಸಹಾಯವೇನೂ ಬೇಕಾಗಿಲ್ಲ. ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಎಷ್ಟೋ ವಿದ್ಯಾರ್ಥಿಗಳು ಇಂತಹ ಮನೆಗಳಿಂದ, ಅಥವಾ ಇಂತಹ ಮನೆಗಳ ಅಂಗಳದಲ್ಲಿ ನಿಂತು ದುಡಿದವರ ಮನೆಗಳಿಂದ ಬಂದವರೇ. ಅವರು ಬೇಸಗೆಯ ರಜೆಯಲ್ಲಿ ಅಳತೆಯ ಪಟ್ಟಿಯೊಂದನ್ನೂ ಪುಸ್ತಕವೊಂದನ್ನೂ ಕೊಂಡೊಯ್ದು ಅಂಕಣಗಳನ್ನು ಎಣಿಸಲಿ; ನೆಲದ ನಕ್ಷೆಯನ್ನು ಬರೆಯಲಿ; ಹಂಚಿನ ಹಿಂಬದಿಯ ಅಚ್ಚನ್ನು ಓದಲಿ; ಒಂದೊಂದು ಮರದ ಹೆಸರನ್ನು ಆಚಾರಿಯಿಂದಲೂ ಒಂದೊಂದು ಕೋಣೆಯ ಹೆಸರನ್ನು ಅಜ್ಜಿಯಿಂದಲೂ ಕೇಳಿ ಬರೆದುಕೊಳ್ಳಲಿ. ಮನೆಯ ಹಿರಿಯನು ಎಲ್ಲಿ ಕುಳಿತನೆಂದು ಯಜಮಾನರನ್ನು ಕೇಳುವಂತೆಯೇ, ಎಲ್ಲಿಯವರೆಗೆ ಬರಲು ತಮಗೆ ಅಪ್ಪಣೆಯಿತ್ತೆಂದು ಹಳೆಯ ಆಳುಗಳ ಮಕ್ಕಳನ್ನೂ ಕೇಳಲಿ. ಎರಡು ಉತ್ತರಗಳನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿದಾಗ ಮಾತ್ರ ಆ ಮನೆಯ ಚರಿತ್ರೆ ಪೂರ್ಣವಾಗುವುದು. ಅಂತಹ ಹತ್ತು ನಕ್ಷೆಗಳು ಒಂದೆಡೆ ಕೂಡಿದರೆ, ಶಾಸನಗಳು ಹೇಳದೆ ಬಿಟ್ಟ ಚರಿತ್ರೆಯ ಒಂದು ಅಧ್ಯಾಯಕ್ಕೆ ಅಸ್ತಿಭಾರ ಬಿದ್ದಂತಾಗುವುದೆಂದು ನಾವು ನಂಬಿದ್ದೇವೆ.